ಇಪ್ಪತ್ತು ಲೀಟರಿನ ಮನೆ ಬಿಯರ್ ತಯಾರಿಕೆಯನ್ನು ಹಿಗ್ಗಿಸುವುದು ಹೇಗೆ: ದೊಡ್ಡ ಪಾತ್ರೆಯೋ, ಬೇರೆ ದಾರಿಯೋ?

ಹೊಸಹಂಡೆ:
ಎಲ್ಲರಿಗೂ ನಮಸ್ಕಾರ. ನಾನು 33 ಲೀಟರಿನ ಸ್ಟೀಲ್ ಪಾತ್ರೆಯಲ್ಲಿ, ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಟ್ಟೆಯ ಚೀಲಕ್ಕೆ ತುಂಬಿ ನೆನೆಸುವ ವಿಧಾನದಿಂದ ಬಿಯರ್ ತಯಾರಿಸುತ್ತೇನೆ. ಬಿಸಿ ಮಾಡಲು 2.5 ಕಿಲೋವಾಟಿನ ಹೀಟರ್ ಇದೆ. ಹುದುಗಿಸಲು 30 ಲೀಟರಿನ ಒಂದು ಪ್ಲಾಸ್ಟಿಕ್ ಫರ್ಮೆಂಟರ್ ಇದ್ದು, ಅದು ತಾಪ ನಿಯಂತ್ರಕ ಜೋಡಿಸಿದ ಹಳೆಯ ಫ್ರಿಜ್ಜಿನೊಳಗೆ ಕುಳಿತುಕೊಳ್ಳುತ್ತದೆ. ಪ್ರತಿ ಸಲವೂ 1.050 ಆರಂಭಿಕ ಗ್ರಾವಿಟಿಯ (ನೀರಿಗೆ ಹೋಲಿಸಿದ ಸಾಂದ್ರತೆ, ಅಂದರೆ ಸಕ್ಕರೆಯ ಅಳತೆ) 20 ಲೀಟರ್ ವರ್ಟ್ (ಹುದುಗಿಸುವ ಮುಂಚಿನ ಮಾಲ್ಟಿನ ಸಿಹಿ ರಸ) ಫರ್ಮೆಂಟರಿಗೆ ಇಳಿಯುತ್ತದೆ. ಮಾಲ್ಟ್ ಮತ್ತು ನೀರು ಸೇರಿದಾಗ ಪಾತ್ರೆ ಹೆಚ್ಚುಕಡಿಮೆ ಕಂಠದವರೆಗೆ ತುಂಬಿರುತ್ತದೆ. ತಿಂಗಳಿಗೆ ಒಂದು ರಜಾದಿನವನ್ನು ಮಾತ್ರ ಇದಕ್ಕೆ ಮೀಸಲಿಡಬಲ್ಲೆ. ಆ ಒಂದು ದಿನದ ಶ್ರಮಕ್ಕೆ ಇಪ್ಪತ್ತು ಲೀಟರ್ ಕಡಿಮೆ ಎನ್ನಿಸುತ್ತಿದೆ. 70 ಲೀಟರಿನ ಪಾತ್ರೆಯನ್ನು ಕೊಂಡುಬಿಡುವುದೇ ಸರಿಯಾದ ಪರಿಹಾರವೇ, ಅಥವಾ ಇರುವ ಸಲಕರಣೆಯಿಂದಲೇ ಹೆಚ್ಚು ತೆಗೆಯಲು ಸಾಧ್ಯವೇ ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಅಳತೆಗೋಲು:
ಪಾತ್ರೆಯ ಮಾತಿಗೆ ಬರುವ ಮೊದಲು ಒಂದು ಲೆಕ್ಕ ಮಾಡೋಣ. ಸಾಧಾರಣ ಏಲ್ (ಬೆಚ್ಚಗೆ, ಬೇಗ ಹುದುಗುವ ಬಿಯರ್) ಒಂದು ಫರ್ಮೆಂಟರಿನಲ್ಲಿ ಹತ್ತರಿಂದ ಹದಿನಾಲ್ಕು ದಿನ ಇರುತ್ತದೆ. ನೀವು ತಿಂಗಳಿಗೊಮ್ಮೆ ಮಾತ್ರ ಕುದಿಸುತ್ತೀರಿ ಎಂದರೆ, ನಿಮ್ಮ ಫರ್ಮೆಂಟರ್ ತಿಂಗಳಿನಲ್ಲಿ ಅರ್ಧ ದಿನಗಳು ಖಾಲಿ ಬಿದ್ದಿರುತ್ತದೆ, ತುಂಬಿದಾಗಲೂ ಅದರ ಮೂರನೇ ಒಂದು ಭಾಗ ಬರಿದಾಗಿರುತ್ತದೆ. ಹಾಗಾಗಿ ನಿಮ್ಮ ಇಕ್ಕಟ್ಟು ಇರುವುದು ಕುದಿಸುವ ದಿನದಲ್ಲಿ. ಎರಡು ವಾರಕ್ಕೊಮ್ಮೆ ಕುದಿಸುವವರಿಗೆ ನಾನು ಇದರ ವಿರುದ್ಧದ ಸಲಹೆ ಕೊಡುತ್ತಿದ್ದೆ. ಅಂಥವರಿಗೆ ಎರಡನೆಯ ಫರ್ಮೆಂಟರ್ ಬೇಕೇ ಹೊರತು ದೊಡ್ಡ ಪಾತ್ರೆಯಿಂದ ಪ್ರಯೋಜನವಿಲ್ಲ.

ಕುದಿಸುವ ದಿನವನ್ನು ಉದ್ದ ಮಾಡದೆ, ಹೊಸದೇನನ್ನೂ ಕೊಳ್ಳದೆ 20 ಲೀಟರನ್ನು 24 ಮಾಡುವ ದಾರಿಯೆಂದರೆ ಗಟ್ಟಿ ವರ್ಟ್ ತಯಾರಿಸಿ, ಹುದುಗಿಸುವ ಮೊದಲು ನೀರು ಬೆರೆಸುವುದು. ದೊಡ್ಡ ಲಾಗರ್ (ತಂಪಿನಲ್ಲಿ ನಿಧಾನವಾಗಿ ಹುದುಗುವ ಬಿಯರ್) ಕಾರ್ಖಾನೆಗಳು ದಶಕಗಳಿಂದ ಇದನ್ನೇ ಮಾಡುತ್ತಿವೆ, ಆದರೆ ಅವು ನೀರನ್ನು ಹುದುಗಿದ ನಂತರ ಬೆರೆಸುತ್ತವೆ. ಮನೆಯಲ್ಲಿ ಮೊದಲೇ ಬೆರೆಸುವುದು ಕ್ಷೇಮ. ಗ್ರಾವಿಟಿಯ ದಶಮಾಂಶದ ನಂತರದ ಅಂಕಿಯನ್ನು ಲೀಟರಿನಿಂದ ಗುಣಿಸಿದರೆ ಬರುವ ಮೊತ್ತ ನೀರು ಬೆರೆಸಿದಾಗ ಬದಲಾಗುವುದಿಲ್ಲ ಎಂಬುದೇ ಇದರ ಆಧಾರ. 1.075 ಗ್ರಾವಿಟಿಯ 16 ಲೀಟರ್ ವರ್ಟಿನಲ್ಲಿ 16 × 75, ಅಂದರೆ 1200 ಅಂಕ ಇರುತ್ತದೆ. ಅದನ್ನು 50ರಿಂದ ಭಾಗಿಸಿದರೆ 24 ಲೀಟರ್.

ಇದು ನಿಮ್ಮ ಪಾತ್ರೆಯಲ್ಲಿ ಹಿಡಿಯುತ್ತದೆಯೇ ಎಂಬುದನ್ನೂ ನೋಡೋಣ. ಪಾತ್ರೆಯ ತಳದಲ್ಲಿ ಗಷ್ಟಿನೊಂದಿಗೆ ಉಳಿಯುವ ಒಂದೂವರೆ ಲೀಟರನ್ನು ಸೇರಿಸಿದರೆ ಕುದಿತ ಮುಗಿದಾಗ 17.5 ಲೀಟರ್ ಇರಬೇಕು. ಒಂದು ಕೆ.ಜಿ. ಒಳ್ಳೆಯ ಪೇಲ್ ಮಾಲ್ಟಿನಿಂದ ಸೈದ್ಧಾಂತಿಕವಾಗಿ ಸುಮಾರು 300 ಅಂಕ ಸಿಗುತ್ತದೆ. ಗಟ್ಟಿ ಮ್ಯಾಶಿನಲ್ಲಿ (ಬಿಸಿನೀರಿನಲ್ಲಿ ಮಾಲ್ಟ್ ನೆನೆಸಿದ ಮಿಶ್ರಣ) 70 ಶೇಕಡಾ ದಕ್ಷತೆ ಎಂದು ಹಿಡಿದರೆ 6.25 ಕೆ.ಜಿ. ಮಾಲ್ಟ್ ಬೇಕಾಗುತ್ತದೆ. ಹಿಂಡಿದ ಚೀಲ ಕೆ.ಜಿ.ಗೆ ಸುಮಾರು 0.6 ಲೀಟರ್ ನೀರನ್ನು ಉಳಿಸಿಕೊಳ್ಳುತ್ತದೆ. ಗಂಟೆಗೆ 3 ಲೀಟರ್ ಆವಿಯಾಗುತ್ತದೆ ಎಂದು ಹಿಡಿದರೆ ಆರಂಭದ ನೀರು 24 ಲೀಟರಿಗಿಂತ ತುಸು ಹೆಚ್ಚು. ಮಾಲ್ಟ್ ತಾನೇ ಕೆ.ಜಿ.ಗೆ 0.67 ಲೀಟರ್ ಜಾಗ ಹಿಡಿಯುವುದರಿಂದ ಒಟ್ಟು ಗಾತ್ರ 28.5 ಲೀಟರ್. ನಿಮ್ಮ ಈಗಿನ 20 ಲೀಟರಿನ ಮ್ಯಾಶಿಗೆ ಇದೇ ಲೆಕ್ಕ ಹಾಕಿದರೆ 30.5 ಬರುತ್ತದೆ. ಅಂದರೆ ಪಾತ್ರೆ ಈಗಿಗಿಂತ ಕಡಿಮೆ ತುಂಬುತ್ತದೆ, ಬಿಯರ್ ಮಾತ್ರ ನಾಲ್ಕು ಲೀಟರ್ ಹೆಚ್ಚು. ಬೆಲೆ ತೆರಬೇಕಾದದ್ದು ಮಾಲ್ಟಿನಲ್ಲಿ: ಪೂರ್ಣ ನೀರಿನಲ್ಲಿ 75 ಶೇಕಡಾ ದಕ್ಷತೆಯಿಂದ 24 ಲೀಟರ್ ತೆಗೆಯಲು ಸಾಧ್ಯವಿದ್ದಿದ್ದರೆ ಸುಮಾರು ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಮಾಲ್ಟ್ ಉಳಿಯುತ್ತಿತ್ತು. ಗಟ್ಟಿ ಮ್ಯಾಶಿನ ಚರಟದಲ್ಲಿ ಗಟ್ಟಿ ರಸವೇ ಉಳಿಯುತ್ತದೆ, ಅದು ತಪ್ಪುವುದಿಲ್ಲ. ಚೀಲದ ಮೇಲೆ ಎರಡು ಮೂರು ಲೀಟರ್ ಬಿಸಿನೀರು ಸುರಿದು ತೊಳೆದರೆ ಅದರಲ್ಲಿ ಒಂದಿಷ್ಟು ಮರಳಿ ಸಿಗುತ್ತದೆ. ತೊಳೆಯುವ ನೀರು 77 ಡಿಗ್ರಿ ಸೆಲ್ಸಿಯಸ್ ಮೀರದಿರಲಿ, ಇಲ್ಲವಾದರೆ ಹೊಟ್ಟಿನ ಒಗರು ಇಳಿಯುವ ಅಪಾಯವಿದೆ.

ಇನ್ನೊಂದು ಲಾಭವೂ ಇದೆ. ಬೆರೆಸುವ ಎಂಟು ಲೀಟರ್ ನೀರನ್ನು ಹಿಂದಿನ ದಿನ ಕುದಿಸಿ, ಶುದ್ಧೀಕರಿಸಿದ ಡಬ್ಬದಲ್ಲಿ ಮುಚ್ಚಿ, ಫ್ರಿಜ್ಜಿನಲ್ಲಿ 4 ಡಿಗ್ರಿಗೆ ತಂದಿಟ್ಟುಕೊಳ್ಳಿ. ಆಗ ವರ್ಟನ್ನು ಚಿಲ್ಲರಿನಿಂದ (ಬಿಸಿ ವರ್ಟ್ ತಣಿಸುವ ಸಾಧನ) 35 ಡಿಗ್ರಿಗೆ ಇಳಿಸಿದರೆ ಸಾಕು. ಎರಡೂ ಬೆರೆತಾಗ ತಾಪ 24 ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಚಿಲ್ಲರ್ ಬಳಸುವಾಗ ಅತಿ ಹೆಚ್ಚು ಸಮಯ ಮತ್ತು ನೀರು ತಿನ್ನುವುದು ಆ ಕೊನೆಯ ಹತ್ತು ಹದಿನೈದು ಡಿಗ್ರಿಗಳೇ ಎಂಬುದು ಎಲ್ಲರಿಗೂ ಗೊತ್ತು.

ಹಾಪ್ಸ್‌ಬಳ್ಳಿ:
ಅಳತೆಗೋಲು ಅವರ ಲೆಕ್ಕಕ್ಕೆ ಕಹಿಯ ಲೆಕ್ಕವನ್ನೂ ಸೇರಿಸಬೇಕು. ಗಟ್ಟಿ ವರ್ಟಿನಲ್ಲಿ ಹಾಪ್ಸಿನ (ಬಿಯರಿಗೆ ಕಹಿ, ಪರಿಮಳ ಕೊಡುವ ಬಳ್ಳಿಯ ಹೂವು) ಕಹಿ ಅಷ್ಟು ಚೆನ್ನಾಗಿ ಬಿಡುವುದಿಲ್ಲ. ಮನೆಯಲ್ಲಿ ಬಿಯರ್ ಮಾಡುವವರು ಹೆಚ್ಚಾಗಿ ಬಳಸುವ ಟಿನ್‌ಸೆತ್ ಸೂತ್ರದ ಪ್ರಕಾರ 1.050 ಗ್ರಾವಿಟಿಯಲ್ಲಿ ಸಿಗುವ ಕಹಿಗೆ ಹೋಲಿಸಿದರೆ 1.075ರಲ್ಲಿ ಸುಮಾರು ಐದನೇ ಒಂದು ಭಾಗ ಕಡಿಮೆ ಸಿಗುತ್ತದೆ. ಆದ್ದರಿಂದ 24 ಲೀಟರಿಗೆ ಸಾಮಾನ್ಯವಾಗಿ ಬೇಕಾಗುವ ಕಹಿ ಹಾಪ್ಸಿಗಿಂತ ಕಾಲು ಭಾಗ ಹೆಚ್ಚು ಹಾಕಬೇಕು. ಹಳೆಯ 20 ಲೀಟರಿನ ಪಾಕವಿಧಾನವನ್ನೇ ಇಟ್ಟುಕೊಂಡು ನೀರು ಬೆರೆಸಿದವರ ಬಿಯರು ಸಪ್ಪೆಯಾಗುವುದಕ್ಕೆ ಮುಖ್ಯ ಕಾರಣ ಇದೇ, ನೀರಲ್ಲ. ಕೊನೆಯ ಐದು ನಿಮಿಷದಲ್ಲಿ ಹಾಕುವ ಪರಿಮಳದ ಹಾಪ್ಸನ್ನು ಮಾತ್ರ 24 ಲೀಟರಿನ ಅಳತೆಗೆ ನೇರ ಅನುಪಾತದಲ್ಲಿ ಹೆಚ್ಚಿಸಿದರೆ ಸಾಕು.

ಹಾಪ್ಸ್ ಧಾರಾಳವಾಗಿ ಬೀಳುವ ಐಪಿಎ (ಇಂಡಿಯಾ ಪೇಲ್ ಏಲ್) ಬಗೆಯ ಬಿಯರುಗಳಿಗೆ ಈ ವಿಧಾನವನ್ನು ನಾನು ಶಿಫಾರಸು ಮಾಡುವುದಿಲ್ಲ. ಸಣ್ಣ ಗಾತ್ರದ ವರ್ಟಿನಲ್ಲಿ ಅಷ್ಟೊಂದು ಹಾಪ್ಸ್ ತುರುಕಿದರೆ ಅದು ತನ್ನ ತೂಕದ ಹಲವು ಪಟ್ಟು ಗಟ್ಟಿ ರಸವನ್ನು ಹೀರಿಕೊಂಡು ಪಾತ್ರೆಯ ತಳದಲ್ಲೇ ಕೂರುತ್ತದೆ, ಗಳಿಸಿದ ಲೀಟರುಗಳಲ್ಲಿ ಒಂದು ಅಲ್ಲೇ ಹೋಗುತ್ತದೆ. ಗೋಧಿ ಬಿಯರ್, ಬಿಟರ್, ಪೋರ್ಟರ್, ತೆಳುವಾದ ಬ್ಲಾಂಡ್ ಏಲ್ ಮುಂತಾದವುಗಳಿಗೆ ತೊಂದರೆಯಿಲ್ಲ.

ಕುದಿತ:
ಇಬ್ಬರೂ ನಾಲ್ಕು ಲೀಟರಿಗಾಗಿ ಇಷ್ಟೊಂದು ಗಣಿತ ಮಾಡುತ್ತಿದ್ದೀರಿ. ಕೇಳಿದವರಿಗೆ ಬೇಕಾಗಿರುವುದು ಎರಡರಷ್ಟು ಬಿಯರು. ದೊಡ್ಡ ಪಾತ್ರೆ ಕೊಳ್ಳುವುದೇ ನೇರ ದಾರಿ ಎಂಬುದು ನನ್ನ ಅಭಿಪ್ರಾಯ. ಮಾಲ್ಟ್ ಪುಡಿ ಮಾಡುವುದು, ಒಂದು ಗಂಟೆ ನೆನೆಸುವುದು, ಒಂದು ಗಂಟೆ ಕುದಿಸುವುದು, ತೊಳೆಯುವುದು ಇವೆಲ್ಲಕ್ಕೂ ತಗಲುವ ಸಮಯ 20 ಲೀಟರಿಗೂ 40 ಲೀಟರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಅಳತೆಗೋಲು:
ಕುದಿತ ಅವರೇ, ನೆನೆಸುವ ಮತ್ತು ಕುದಿಸುವ ಒಂದೊಂದು ಗಂಟೆ ಬದಲಾಗುವುದಿಲ್ಲ ಎಂಬುದು ನಿಜ. ಆದರೆ ಆ ಎರಡರ ನಡುವೆ ಕಾಯುವ ಸಮಯ ಬದಲಾಗುತ್ತದೆ. 40 ಲೀಟರ್ ಬಿಯರಿಗೆ ಸುಮಾರು 54 ಲೀಟರ್ ನೀರನ್ನು 25 ಡಿಗ್ರಿಯಿಂದ 69 ಡಿಗ್ರಿಗೆ ಏರಿಸಬೇಕು. ಅದಕ್ಕೆ 2.8 ಯೂನಿಟ್ ವಿದ್ಯುತ್ ಬೇಕು. ಚೀಲ ಎತ್ತಿದ ಮೇಲೆ ಉಳಿಯುವ 46 ಲೀಟರನ್ನು 66ರಿಂದ 100 ಡಿಗ್ರಿಗೆ ತರಲು ಮತ್ತೆ 1.8 ಯೂನಿಟ್. 2.5 ಕಿಲೋವಾಟಿನ ಹೀಟರಿನಲ್ಲಿ, ಶಾಖ ಒಂದಿಷ್ಟೂ ಸೋರದಿದ್ದರೂ, ಇದು ಒಂದು ಗಂಟೆ ಐವತ್ತು ನಿಮಿಷ. ವಾಸ್ತವದಲ್ಲಿ ಎರಡು ಗಂಟೆ ದಾಟುತ್ತದೆ. 20 ಲೀಟರಿಗೆ ಇದರ ಅರ್ಧ ಸಾಕಾಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಒಂದು ಲೀಟರ್ ನೀರನ್ನು ಆವಿಯಾಗಿಸಲು ಸುಮಾರು 0.63 ಯೂನಿಟ್ ಬೇಕಾಗುತ್ತದೆ. ದೊಡ್ಡ ಪಾತ್ರೆಯ ಅಗಲವಾದ ಮೈಯಿಂದ ಸೋರುವ ಶಾಖವನ್ನು ಕಳೆದರೆ ಈ ಹೀಟರಿನಲ್ಲಿ 46 ಲೀಟರ್ ವರ್ಟ್ ಕುಲುಕುತ್ತದೆಯೇ ಹೊರತು ಮಗುಚಿ ಕುದಿಯುವುದಿಲ್ಲ. ಪಿಲ್ಸ್ನರ್ ಮಾಲ್ಟಿನಂಥ ತಿಳಿ ಮಾಲ್ಟ್ ಬಳಸುವವರಿಗೆ ಇದು ಸಣ್ಣ ವಿಷಯವಲ್ಲ, ಏಕೆಂದರೆ ಬೇಯಿಸಿದ ಜೋಳದ ವಾಸನೆ ಕೊಡುವ ಡಿಎಂಎಸ್ ಎಂಬ ಗಂಧಕದ ಸಂಯುಕ್ತ ಹೊರಹೋಗುವುದು ಆ ಆವಿಯ ಜೊತೆಗೇ. ಮುಚ್ಚಳ ಪೂರ್ತಿ ಮುಚ್ಚಿ ಕುದಿಸಿದರೆ ಅದು ಹನಿಯಾಗಿ ಮತ್ತೆ ಪಾತ್ರೆಗೇ ಬೀಳುತ್ತದೆ.

ಆದ್ದರಿಂದ 70 ಲೀಟರಿನ ಪಾತ್ರೆ ಕೊಳ್ಳುವವರು ಹೀಟರನ್ನೂ 4ರಿಂದ 5 ಕಿಲೋವಾಟಿಗೆ ಏರಿಸಬೇಕು. 230 ವೋಲ್ಟಿನ 16 ಆಂಪಿಯರ್ ಪ್ಲಗ್ಗು ಕೊಡಬಲ್ಲದ್ದು ಹೆಚ್ಚೆಂದರೆ 3.6 ಕಿಲೋವಾಟ್. ಒಂದೇ ಲೈನಿಗೆ ಎರಡು ಹೀಟರ್ ಜೋಡಿಸುವ ಸಾಹಸ ಬೇಡ. ಎರಡು ಬೇರೆ ಬೇರೆ ಸರ್ಕ್ಯೂಟುಗಳು, ಎರಡಕ್ಕೂ ಸೋರಿಕೆ ವಿದ್ಯುತ್ತನ್ನು ಕಡಿದುಹಾಕುವ ಸಾಧನ ಇರಲೇಬೇಕು, ಏಕೆಂದರೆ ನೀವು ಕೆಲಸ ಮಾಡುವುದು ಒದ್ದೆ ಕೈಯಲ್ಲಿ. ಗ್ಯಾಸ್ ಬರ್ನರ್ ಬಳಸುವವರು ಮುಚ್ಚಿದ ಕೋಣೆಯಲ್ಲಿ ಹಚ್ಚಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕುದಿತ:
ಹೀಟರಿನ ವಿಷಯವನ್ನು ಒಪ್ಪುತ್ತೇನೆ. ಪಾತ್ರೆಯ ಹೊರಮೈಗೆ ಶಾಖ ತಾಳಿಕೊಳ್ಳುವ ಹೊದಿಕೆ ಸುತ್ತಿದರೆ ಸಾಕಷ್ಟು ಉಳಿತಾಯವಾಗುತ್ತದೆ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಹಾಗೆಯೇ ಹತ್ತು ಕೆ.ಜಿ. ಮಾಲ್ಟಿನ ಹಸಿ ಚೀಲ 15 ಕೆ.ಜಿ. ಮೀರುತ್ತದೆ, ಜೊತೆಗೆ 66 ಡಿಗ್ರಿಯ ರಸ ಸುರಿಯುತ್ತಿರುತ್ತದೆ. ರಾಟೆ ಇಲ್ಲದೆ ಅದನ್ನು ಕೈಯಲ್ಲಿ ಎತ್ತುವ ಪ್ರಯತ್ನ ಮಾಡಬೇಡಿ. ಪಾತ್ರೆಗೆ ನಲ್ಲಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಕುದಿಯುವ 45 ಲೀಟರ್ ತುಂಬಿದ ಪಾತ್ರೆಯನ್ನು ಯಾವ ಕಾರಣಕ್ಕೂ ಕದಲಿಸಬಾರದು.

ಗಷ್ಟು:
ಚರ್ಚೆ ಪಾತ್ರೆಯ ಸುತ್ತಲೇ ತಿರುಗುತ್ತಿದೆ. ವರ್ಟ್ ಮಾಡುವುದು ನಾವು, ಬಿಯರ್ ಮಾಡುವುದು ಯೀಸ್ಟ್. ಗಾತ್ರ ಹೆಚ್ಚಿಸುವವರು ಅತಿ ಹೆಚ್ಚು ಉಪೇಕ್ಷಿಸುವ ಭಾಗ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಏಲಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಪ್ರತಿ ಮಿಲಿಲೀಟರಿಗೆ, ಪ್ರತಿ ಪ್ಲೇಟೋ ಡಿಗ್ರಿಗೆ (ವರ್ಟಿನ ಸಕ್ಕರೆಯ ಶೇಕಡಾ ಪ್ರಮಾಣದ ಅಳತೆ) ಏಳೂವರೆ ಲಕ್ಷ ಜೀವಕೋಶಗಳು. ಲಾಗರಿಗೆ ಅದರ ಎರಡರಷ್ಟು. 1.050 ಗ್ರಾವಿಟಿ ಎಂದರೆ 12 ಪ್ಲೇಟೋ ಡಿಗ್ರಿಗಿಂತ ತುಸು ಹೆಚ್ಚು. ಹೀಗೆ 20 ಲೀಟರಿಗೆ 18,000 ಕೋಟಿಗೂ ಮಿಕ್ಕಿ, 24 ಲೀಟರಿಗೆ 22,000 ಕೋಟಿ, 40 ಲೀಟರಿಗೆ 37,000 ಕೋಟಿ ಕೋಶಗಳು ಬೇಕಾಗುತ್ತವೆ. ಒಣ ಏಲ್ ಯೀಸ್ಟಿಗೆ ಲೀಟರಿಗೆ 0.5ರಿಂದ 0.8 ಗ್ರಾಂ ಎಂಬುದು ರೂಢಿಯ ಅಳತೆ. ಅದರಂತೆ 11.5 ಗ್ರಾಮಿನ ಒಂದು ಪೊಟ್ಟಣ 24 ಲೀಟರಿಗೆ ಅಂಚಿನಲ್ಲಿರುತ್ತದೆ, 40 ಲೀಟರಿಗೆ ಏನೇನೂ ಸಾಲದು. ಹಿಂದಿನ ಬಿಯರಿನ ತಳದಲ್ಲಿ ಕೂತ ತಾಜಾ ಯೀಸ್ಟ್ ಗಷ್ಟನ್ನು ಒಂದೆರಡು ವಾರದೊಳಗೆ ಬಳಸುವುದು ಮಿತವ್ಯಯದ ಉಪಾಯ. ಅದು ಹಿಂದಿನ ಬಿಯರಿನಲ್ಲಿ ಹುಳಿ ಅಥವಾ ವಿಚಿತ್ರ ವಾಸನೆ ಇಲ್ಲದಿದ್ದಾಗ ಮಾತ್ರ.

ಎರಡನೆಯದು ಶಾಖ. ಹುದುಗುವಾಗ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತದೆ. ಗಾತ್ರ ಎರಡರಷ್ಟಾದಾಗ ಹುಟ್ಟುವ ಶಾಖವೂ ಎರಡರಷ್ಟಾಗುತ್ತದೆ, ಆದರೆ ಅದು ಹೊರಹೋಗುವ ಮೇಲ್ಮೈ ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಹೊರಗಿನ ಗಾಳಿ 18 ಡಿಗ್ರಿ ಇದ್ದರೂ ದೊಡ್ಡ ಫರ್ಮೆಂಟರಿನ ನಡುವೆ ಹಲವು ಡಿಗ್ರಿ ಹೆಚ್ಚು ಇರುತ್ತದೆ. ಮೊದಲ ಮೂರು ದಿನಗಳಲ್ಲಿ ಹೀಗಾದರೆ ಬಿಯರಿಗೆ ಸಾಲ್ವೆಂಟಿನ ಘಾಟು ಬರುತ್ತದೆ. ತಾಪ ನಿಯಂತ್ರಕದ ಸಂವೇದಕವನ್ನು ಫ್ರಿಜ್ಜಿನ ಗಾಳಿಯಲ್ಲಿ ತೂಗುಬಿಡದೆ ಫರ್ಮೆಂಟರಿನ ಮೈಗೆ ಅಂಟಿಸಿ, ಮೇಲೆ ಸ್ಪಂಜಿನ ತುಂಡು ಕಟ್ಟಿ. ಈ ಕಾರಣಕ್ಕಾಗಿಯೇ, ಜಾಗವಿದ್ದರೆ, 60 ಲೀಟರಿನ ಒಂದು ಫರ್ಮೆಂಟರಿಗಿಂತ 30 ಲೀಟರಿನ ಎರಡು ಮೇಲು ಎಂದು ನಾನು ಹೇಳುತ್ತೇನೆ. ಒಂದೇ ವರ್ಟಿಗೆ ಎರಡು ಬೇರೆ ಯೀಸ್ಟ್ ಹಾಕಿ ಎರಡು ಬೇರೆ ಬಿಯರ್ ಪಡೆಯಬಹುದು, ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ, ತುಂಬಿದ ಪಾತ್ರೆಯನ್ನು ಇಬ್ಬರು ಸೇರಿ ಸರಿಸಬಹುದು. ಗಾಜಿನ ಬುರುಡೆಗಳನ್ನು ಈ ಗಾತ್ರಕ್ಕೆ ಬಳಸಲೇಬೇಡಿ.

ಮೂರನೆಯದನ್ನು ಚಿಕ್ಕದಾಗಿ ಹೇಳುತ್ತೇನೆ. ಇಂಥ ಬಿಯರ್ ಹುದುಗುವಾಗ ತನ್ನ ಗಾತ್ರದ ಸುಮಾರು 20 ಪಟ್ಟು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತದೆ. 40 ಲೀಟರಿಗೆ 800 ಲೀಟರ್ ಅನಿಲ. ಕಿಟಕಿಯಿಲ್ಲದ ಪುಟ್ಟ ಕೋಣೆಯಲ್ಲಿ ಇಟ್ಟಿದ್ದರೆ ಗಾಳಿಯಾಡುವ ವ್ಯವಸ್ಥೆ ಮಾಡಿಕೊಳ್ಳಿ.

ಹೊಸಹಂಡೆ:
ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಫರ್ಮೆಂಟರ್ ಅರ್ಧ ಕಾಲ ಖಾಲಿ ಇರುತ್ತದೆ ಎಂಬುದನ್ನು ನಾನು ಈ ದೃಷ್ಟಿಯಿಂದ ನೋಡಿರಲಿಲ್ಲ. ಮೂರು ಸಂದೇಹಗಳಿವೆ. ಕಾರ್ಖಾನೆಗಳಂತೆ ಹುದುಗಿದ ಮೇಲೆ ನೀರು ಬೆರೆಸಿದರೆ 30 ಲೀಟರಿನ ಫರ್ಮೆಂಟರಿನಿಂದಲೇ ಇನ್ನೂ ಹೆಚ್ಚು ಬಿಯರ್ ಬರುತ್ತದಲ್ಲವೇ? ಒಂದೇ ದಿನ ಎರಡು ಸಲ ಕುದಿಸುವುದು ಕಾರ್ಯಸಾಧ್ಯವೇ? ತಣಿಸದೆ ಬಿಸಿ ವರ್ಟನ್ನೇ ಡಬ್ಬಕ್ಕೆ ತುಂಬಿಟ್ಟು, ಫರ್ಮೆಂಟರ್ ಖಾಲಿಯಾದಾಗ ಬಳಸುವ ಪದ್ಧತಿಯ ಬಗ್ಗೆ ಕೇಳಿದ್ದೇನೆ, ಅದು ನನ್ನಂಥವರಿಗೆ ಹೊಂದುತ್ತದೆಯೇ?

ಅಳತೆಗೋಲು:
ಮೊದಲನೆಯದಕ್ಕೆ ಉತ್ತರ: ಬರುತ್ತದೆ, ಆದರೆ ಮಾಡಬೇಡಿ. ಹುದುಗಿದ ಬಿಯರಿಗೆ ಆಮ್ಲಜನಕ ಶತ್ರು. ಕುದಿಸಿದ ನೀರೂ ತಣಿಯುವಾಗ ಗಾಳಿಯಿಂದ ಆಮ್ಲಜನಕವನ್ನು ಮತ್ತೆ ಎಳೆದುಕೊಳ್ಳುತ್ತದೆ. ಅಂಥ ನೀರು ಬೆರೆತ ಬಿಯರು ಕೆಲವೇ ವಾರಗಳಲ್ಲಿ ಒದ್ದೆ ರಟ್ಟಿನ ರುಚಿಗೆ ತಿರುಗುತ್ತದೆ. ಕಾರ್ಖಾನೆಗಳು ಇದಕ್ಕಾಗಿಯೇ ನೀರಿನ ಆಮ್ಲಜನಕವನ್ನು ಪೂರ್ತಿ ತೆಗೆಯುವ ಯಂತ್ರಗಳನ್ನು ಇಟ್ಟುಕೊಂಡಿವೆ. ಹುದುಗುವ ಮೊದಲು ಬೆರೆಸಿದಾಗ ಇದೇ ಆಮ್ಲಜನಕ ಯೀಸ್ಟಿಗೆ ಬೇಕಾದ ಆಹಾರವಾಗುತ್ತದೆ.

ಎರಡು ಸಲ ಕುದಿಸುವುದು ಸಾಧ್ಯ. ಮೊದಲ ವರ್ಟ್ ಕುದಿಯುತ್ತಿರುವಾಗ ಎರಡನೆಯ ಮಾಲ್ಟನ್ನು, ಕಂಬಳಿ ಸುತ್ತಿದ ಬೇರೊಂದು ಪಾತ್ರೆಯಲ್ಲೋ ಶಾಖ ಸೋರದ ಐಸ್ ಪೆಟ್ಟಿಗೆಯಲ್ಲೋ ನೆನೆಸಿಟ್ಟರೆ ದಿನ ಎರಡರಷ್ಟಾಗದೆ ಒಂದೂವರೆಯಷ್ಟಾಗುತ್ತದೆ. ವೃತ್ತಿಪರರೂ ದೊಡ್ಡ ತೊಟ್ಟಿಯನ್ನು ಹೀಗೆ ಎರಡು ಮೂರು ಕುದಿತಗಳಿಂದ ತುಂಬಿಸುತ್ತಾರೆ. ಇಡೀ ತೊಟ್ಟಿಗೆ ಬೇಕಾದ ಯೀಸ್ಟನ್ನು ಮೊದಲ ವರ್ಟಿಗೇ ಹಾಕಿಬಿಡುತ್ತಾರೆ.

ಹಾಪ್ಸ್‌ಬಳ್ಳಿ:
ತಣಿಸದೆ ತುಂಬಿಡುವ ಪದ್ಧತಿ ನೀರಿನ ಅಭಾವವಿರುವ ಆಸ್ಟ್ರೇಲಿಯಾದ ಮನೆ ತಯಾರಕರಲ್ಲಿ ಬಹಳ ಪ್ರಚಲಿತ. ಕುದಿತ ನಿಂತ ಕೂಡಲೇ ವರ್ಟನ್ನು ಶಾಖ ತಡೆಯುವ ಎಚ್‌ಡಿಪಿಇ ಪ್ಲಾಸ್ಟಿಕ್ ಡಬ್ಬಕ್ಕೆ ಗಾಳಿಗೆ ಎಡೆಯಿಲ್ಲದಂತೆ ತುಂಬಿ, ಮುಚ್ಚಳ ಬಿಗಿದು, ಒಮ್ಮೆ ಮಗುಚಿ ಮಲಗಿಸುತ್ತಾರೆ. ಹೀಗೆ ಮಾಡಿದರೆ ಮುಚ್ಚಳದ ಒಳಭಾಗವೂ ಬಿಸಿ ತಾಗಿ ಶುದ್ಧವಾಗುತ್ತದೆ. ಡಬ್ಬದಲ್ಲಿ ವರ್ಟ್ ಬಹಳ ಹೊತ್ತು 80 ಡಿಗ್ರಿಯ ಮೇಲೇ ಇರುವುದರಿಂದ ಕೊನೆಯಲ್ಲಿ ಹಾಕಿದ ಹಾಪ್ಸೂ ಕಹಿ ಬಿಡುತ್ತಲೇ ಇರುತ್ತದೆ. ಆದ್ದರಿಂದ ಹಾಪ್ಸ್ ಹಾಕುವ ವೇಳೆಯನ್ನು ಹದಿನೈದು ಇಪ್ಪತ್ತು ನಿಮಿಷ ಮುಂದೂಡಬೇಕು.

ಆದರೆ ಇದನ್ನು ವಾರಗಟ್ಟಲೆ ಇಡುವ ಉಗ್ರಾಣವಾಗಿ ನೋಡಬೇಡಿ. ವರ್ಟಿನ ಪಿಎಚ್ ಸುಮಾರು 5ರಿಂದ 5.3. ಬಾಟ್ಯುಲಿಸಂ ವಿಷ ಉಂಟುಮಾಡುವ ಬ್ಯಾಕ್ಟೀರಿಯಾ 4.6ಕ್ಕಿಂತ ಹೆಚ್ಚಿನ ಪಿಎಚ್‌ನಲ್ಲಿ, ಗಾಳಿಯಿಲ್ಲದ ಕಡೆ ಬೆಳೆಯಬಲ್ಲದು. ಅದರ ಬೀಜಕಣಗಳು ಬರೀ ಕುದಿತಕ್ಕೆ ಸಾಯುವುದಿಲ್ಲ. ಯೀಸ್ಟ್ ಹಾಕಿದ ಮೇಲೆ ಪಿಎಚ್ ಬೇಗ ಇಳಿಯುವುದರಿಂದ ಆ ಭಯವಿಲ್ಲ. ಮಾರನೆಯ ದಿನವೇ, ವರ್ಟ್ ತಣಿದ ಕೂಡಲೇ, ಯೀಸ್ಟ್ ಹಾಕುವವರಿಗೆ ಮಾತ್ರ ಈ ಪದ್ಧತಿ ಎಂಬುದು ನನ್ನ ಖಚಿತ ನಿಲುವು.

ನೊರೆಗಾರ:
ಒಂದೇ ಮಾಲ್ಟಿನಿಂದ ಎರಡು ಬಿಯರ್ ತೆಗೆಯುವ ಹಳೆಯ ಇಂಗ್ಲಿಷ್ ಪದ್ಧತಿಯನ್ನು ಯಾರೂ ಪ್ರಸ್ತಾಪಿಸಲಿಲ್ಲ. ಮೊದಲು ಇಳಿಯುವ ಗಟ್ಟಿ ರಸದಿಂದ ಬಲವಾದ ಏಲ್, ಅದೇ ಮಾಲ್ಟಿಗೆ ಮತ್ತೆ ಬಿಸಿನೀರು ಹಾಕಿ ತೆಗೆದ ತೆಳು ರಸದಿಂದ 1.030ರ ಆಸುಪಾಸಿನ ಹಗುರ ಬಿಯರ್. ಹೊಸಹಂಡೆ ಅವರ ಗಟ್ಟಿ ಮ್ಯಾಶಿನ ಚರಟದಲ್ಲಿ ಉಳಿಯುವ ಸಕ್ಕರೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಇನ್ನೊಂದಿಲ್ಲ. ಎರಡನೆಯ ರಸ ತೀರ ತೆಳುವಾದರೆ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ (ವರ್ಟನ್ನು ಒಣಗಿಸಿ ಮಾಡಿದ ಪುಡಿ) ಸೇರಿಸಬಹುದು. ಕೆ.ಜಿ.ಗೆ 370 ಅಂಕದಷ್ಟು ಸಿಗುತ್ತದೆ, ಮ್ಯಾಶಿನ ಜಾಗವೂ ಬೇಡ. ಬರೀ ಸಕ್ಕರೆ ಸುರಿದು ಲೀಟರ್ ಹೆಚ್ಚಿಸುವ ಆಸೆಗೆ ಬೀಳಬೇಡಿ. ಒಟ್ಟು ಅಂಕದಲ್ಲಿ ಅದರ ಪಾಲು ಹತ್ತು ಶೇಕಡಾ ದಾಟಿದರೆ ಬಿಯರಿನ ಮೈ ತೆಳ್ಳಗಾಗುತ್ತಾ ಹೋಗುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಬಿಯರ್ ತಯಾರಿಸಲು ಅನುಮತಿ ಇದೆಯೇ, ಇದ್ದರೆ ಎಷ್ಟು ಎಂಬುದು ಊರಿಂದ ಊರಿಗೆ ಬೇರೆ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಮಿತಿ ಇದೆ, ಮಾರುವಂತಿಲ್ಲ. ಗಾತ್ರ ಹೆಚ್ಚಿಸುವ ಮೊದಲು ತಮ್ಮ ತಮ್ಮ ಕಡೆಯ ನಿಯಮವನ್ನು ನೋಡಿಕೊಳ್ಳುವುದು ಒಳ್ಳೆಯದು.

ಹೊಸಹಂಡೆ:
ಹಾಗಾದರೆ ಮುಂದಿನ ತಿಂಗಳು 6.25 ಕೆ.ಜಿ. ಮಾಲ್ಟಿನ ಪೋರ್ಟರನ್ನು 24 ಲೀಟರಿಗೆ ಹಿಗ್ಗಿಸುತ್ತೇನೆ, ಚರಟದಿಂದ ಹಗುರ ಬಿಯರನ್ನೂ ಪ್ರಯತ್ನಿಸುತ್ತೇನೆ. ಅದಕ್ಕಾಗಿ 15 ಲೀಟರಿನ ಎರಡನೆಯ ಫರ್ಮೆಂಟರ್ ಸಾಕಾಗಬಹುದು. ಪಾತ್ರೆಯ ಖರೀದಿಯನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ್ದೇನೆ. ಬಾಟಲಿಗೆ ತುಂಬುವಾಗ ಹಾಕುವ ಸಕ್ಕರೆಯನ್ನು ಮೂಲ 16 ಲೀಟರಿಗೆ ಲೆಕ್ಕ ಹಾಕಬೇಕೋ, 24ಕ್ಕೋ? 30 ಲೀಟರಿನ ಫರ್ಮೆಂಟರಿನಲ್ಲಿ 24 ಲೀಟರ್ ಇದ್ದರೆ ನೊರೆ ಉಕ್ಕುವುದಿಲ್ಲವೇ?

ಗಷ್ಟು:
ಎರಡೂ ಅಲ್ಲ. ತುಂಬುವ ದಿನ ಗಷ್ಟನ್ನು ಬಿಟ್ಟು ಬೇರೆ ಪಾತ್ರೆಗೆ ಇಳಿಸಿದಾಗ ನಿಜವಾಗಿ ಎಷ್ಟು ಲೀಟರ್ ಬಂತೋ ಅಷ್ಟಕ್ಕೆ. 24ರಲ್ಲಿ 22 ಬರಬಹುದು. 20 ಡಿಗ್ರಿಯಲ್ಲಿ ಹುದುಗಿದ ಏಲಿಗೆ ಲೀಟರಿಗೆ 6 ಗ್ರಾಂ ಸಾಮಾನ್ಯ ಸಕ್ಕರೆ ಸಾಧಾರಣ ಬುರುಗು ಕೊಡುತ್ತದೆ. ಪೋರ್ಟರಿಗೆ 5 ಗ್ರಾಂ ಸಾಕು. ಸಕ್ಕರೆ ಹಾಕುವ ಮೊದಲು ಎರಡು ಮೂರು ದಿನಗಳ ಅಂತರದಲ್ಲಿ ಗ್ರಾವಿಟಿ ಅಳೆದು, ಅದು ಕದಲಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಬಾಟಲಿ ಸಿಡಿಯುವುದು ಹೆಚ್ಚಾಗಿ ಅರೆ ಹುದುಗಿದ ಬಿಯರಿನಿಂದ.

ನೊರೆಗೆ ಐದನೇ ಒಂದು ಭಾಗ ಜಾಗ ಹೆಚ್ಚಿನ ಏಲ್ ಯೀಸ್ಟುಗಳಿಗೆ ಸಾಕಾಗುತ್ತದೆ, ಗೋಧಿ ಬಿಯರಿನ ಯೀಸ್ಟಿಗೆ ಸಾಲದು. ಏರ್‌ಲಾಕಿನ (ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಸಾಧನ) ಬದಲು ದಪ್ಪ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಶುದ್ಧೀಕರಣ ದ್ರಾವಣವಿರುವ ಬಾಟಲಿಯಲ್ಲಿ ಮುಳುಗಿಸಿಡಿ. ನೊರೆ ಇಳಿದ ಮೇಲೆ, ಸಾಮಾನ್ಯವಾಗಿ ನಾಲ್ಕನೆಯ ದಿನದ ಹೊತ್ತಿಗೆ, ಏರ್‌ಲಾಕನ್ನು ಮತ್ತೆ ಹಾಕಬಹುದು.